ಅಮೆರಿಕದ ಕ್ಲೋಸ್ಡ್-ಎಂಡ್ ಫಂಡ್: ಇಳುವರಿ ನೋಡುವ ಮೊದಲು ಹಾಕಬೇಕಾದ ಲೆಕ್ಕ

ಒಂದು ಫಂಡಿನೊಳಗೆ ಷೇರೊಂದಕ್ಕೆ 20 ಡಾಲರ್ ಬೆಲೆಯ ಆಸ್ತಿ ಇದೆ. ಅದೇ ಫಂಡಿನ ಷೇರು ನ್ಯೂಯಾರ್ಕ್ ಪೇಟೆಯಲ್ಲಿ 17 ಡಾಲರಿಗೆ ಸಿಗುತ್ತಿದೆ. ಮೊದಲ ಸಲ ಇದನ್ನು ಕಂಡವರು ಲೆಕ್ಕ ತಪ್ಪಿರಬೇಕು ಅಂದುಕೊಳ್ಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ಕ್ಲೋಸ್ಡ್-ಎಂಡ್ ಫಂಡ್‌ಗಳ ಪೇಟೆ ನಡೆಯುವುದೇ ಹೀಗೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಓಪನ್-ಎಂಡ್ ಮ್ಯೂಚುವಲ್ ಫಂಡ್. ದುಡ್ಡು ಕೊಟ್ಟರೆ ಹೊಸ ಯೂನಿಟ್ ಕೊಡುತ್ತಾರೆ, ವಾಪಸ್ ಕೇಳಿದರೆ ಆ ದಿನದ ಎನ್‌ಎವಿ (ಸಾಲ ಕಳೆದು ಯೂನಿಟ್ ಒಂದಕ್ಕೆ ಬೀಳುವ ಆಸ್ತಿಯ ಬೆಲೆ) ಲೆಕ್ಕದಲ್ಲಿ ಹಣ ಕೊಡುತ್ತಾರೆ. ಕ್ಲೋಸ್ಡ್-ಎಂಡ್ ಫಂಡ್ ಹಾಗಲ್ಲ. ಕಂಪನಿಯ ಐಪಿಒದಂತೆ ಒಮ್ಮೆ ಹಣ ಎತ್ತಿ ಬಾಗಿಲು ಹಾಕಿಬಿಡುತ್ತದೆ. ಆಮೇಲೆ ನಿಮಗೆ ಹಣ ಬೇಕೆಂದರೆ ಷೇರನ್ನು ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಬೇಕು. ಕೊಳ್ಳುವವರು ಕಡಿಮೆಯಿದ್ದರೆ ಬೆಲೆ ಎನ್‌ಎವಿಗಿಂತ ಕೆಳಗೆ (ಇದು ಡಿಸ್ಕೌಂಟ್), ನೂಕುನುಗ್ಗಲಾದರೆ ಮೇಲೆ (ಇದು ಪ್ರೀಮಿಯಂ). ಷೇರಿನಂತೆಯೇ ಪೇಟೆಯಲ್ಲಿ ಮಾರಾಟವಾಗುವ ಇಟಿಎಫ್‌ನಲ್ಲಿ ಇಂಥ ಅಂತರ ಕಂಡ ಕೂಡಲೇ ದೊಡ್ಡ ವ್ಯಾಪಾರಿಗಳು ಯೂನಿಟ್‌ಗಳನ್ನು ಒಳಗಿನ ಷೇರುಗಳಿಗೆ ಬದಲಾಯಿಸಿಕೊಂಡು ಅಂತರ ಮುಚ್ಚಿಬಿಡುತ್ತಾರೆ. ಇಲ್ಲಿ ಆ ದಾರಿ ಇಲ್ಲ. ಹಾಗಾಗಿ ಶೇ 15ರ ಡಿಸ್ಕೌಂಟ್ ಹತ್ತು ವರ್ಷ ಹಾಗೇ ಉಳಿದರೂ ಕೇಳುವವರಿಲ್ಲ.

ಈ ಫಂಡ್‌ಗಳಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಶೇ 10, ಶೇ 12 ಎಂಬ ಇಳುವರಿ ನೋಡಿ ಬಂದವರು. ಆ ಅಂಕಿಯನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದವು ಬೇರೆ ಇವೆ.

ಹೆಜ್ಜೆ 1: ಎನ್‌ಎವಿ, ಬೆಲೆ, ಇವೆರಡರ ನಡುವಿನ ಅಂತರ

ಸೂತ್ರ ಸರಳ: ಬೆಲೆಯಿಂದ ಎನ್‌ಎವಿ ಕಳೆದು, ಎನ್‌ಎವಿಯಿಂದ ಭಾಗಿಸಿ. 17 ಕಳೆಯುವ 20, ಭಾಗಿಸು 20, ಅಂದರೆ ಶೇ −15. ಅಮೆರಿಕದ ಬಹುತೇಕ ಫಂಡ್‌ಗಳಿಗೆ ಎನ್‌ಎವಿ ನೋಡಲು ಪ್ರತ್ಯೇಕ ಚಿಹ್ನೆ ಇರುತ್ತದೆ. ಸಾಮಾನ್ಯವಾಗಿ ಷೇರಿನ ಚಿಹ್ನೆಯ ಹಿಂದೆ ಮುಂದೆ ಒಂದೊಂದು ಎಕ್ಸ್ ಸೇರಿಸಿದರಾಯಿತು. ದಿ ಇಂಡಿಯಾ ಫಂಡ್‌ನ ಚಿಹ್ನೆ ಐಎಫ್‌ಎನ್, ಅದರ ಎನ್‌ಎವಿಯದು ಎಕ್ಸ್‌ಐಎಫ್‌ಎನ್‌ಎಕ್ಸ್. ಎರಡನ್ನೂ ಒಂದೇ ಚಾರ್ಟ್‌ನಲ್ಲಿ ಹಾಕಿದರೆ ಅಂತರ ಕಣ್ಣಿಗೇ ಕಾಣುತ್ತದೆ. ನುವೀನ್ ಸಂಸ್ಥೆಯ ಸಿಇಎಫ್ ಕನೆಕ್ಟ್ ತಾಣದಲ್ಲಿ ಇದೆಲ್ಲ ಉಚಿತವಾಗಿ ಸಿಗುತ್ತದೆ.

ಶೇ 15 ಕಡಿಮೆ ಅಂದ ಮಾತ್ರಕ್ಕೆ ಅಗ್ಗ ಅಲ್ಲ. ಆ ಫಂಡ್ ಯಾವಾಗಲೂ ಶೇ 15 ಕಡಿಮೆಗೇ ಓಡುತ್ತಿದ್ದರೆ ಅದು ಅದರ ಮಾಮೂಲಿ ದರ. ಕಳೆದ ಒಂದು ವರ್ಷದ ಸರಾಸರಿಯ ಜತೆ ಹೋಲಿಸಿ. ಸರಾಸರಿ ಡಿಸ್ಕೌಂಟ್ ಶೇ 12, ಏರಿಳಿತದ ಪ್ರಮಾಣ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಸರಿಯುವ ದೂರ) 2, ಇವತ್ತು ಶೇ 16 ಎಂದಿಟ್ಟುಕೊಳ್ಳಿ. ಝಡ್-ಸ್ಕೋರ್, ಅಂದರೆ ಸರಾಸರಿಯಿಂದ ಎಷ್ಟು ವಿಚಲನೆಯಷ್ಟು ದೂರ ಎಂಬ ಅಂಕಿ, −2 ಬರುತ್ತದೆ. −2ರ ಆಸುಪಾಸಿನದು ಗಮನಿಸಬೇಕಾದ ಬೆಲೆ, +2ರ ಆಸುಪಾಸಿನದು ದೂರವಿಡಬೇಕಾದ ಬೆಲೆ. ಝಡ್-ಸ್ಕೋರ್ −2 ಕಂಡರೆ ಡಿವಿಡೆಂಡ್ ಕಡಿತವೇನಾದರೂ ಘೋಷಣೆಯಾಗಿದೆಯೇ ಎಂದು ಮೊದಲು ನೋಡಿ. ಕಾರಣವಿದ್ದೇ ಬೆಲೆ ಬಿದ್ದಿದ್ದರೆ ಹಳೆಯ ಸರಾಸರಿಗೆ ಅರ್ಥವಿಲ್ಲ.

ಡಿಸ್ಕೌಂಟ್ ಹಿಗ್ಗಿದರೆ ಏನಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಿಟ್ಟುಕೊಳ್ಳಿ. ಶೇ 5ರ ಡಿಸ್ಕೌಂಟ್‌ನಲ್ಲಿ, 19 ಡಾಲರಿಗೆ ಕೊಂಡಿರಿ. ಎನ್‌ಎವಿ ಅಲ್ಲಾಡದೆ 20ರಲ್ಲೇ ಇದೆ, ಆದರೆ ಡಿಸ್ಕೌಂಟ್ ಶೇ 15 ಆಯಿತು. ನಿಮ್ಮ ಷೇರೀಗ 17 ಡಾಲರ್. ಫಂಡ್ ಒಂದು ಪೈಸೆ ಕಳೆದುಕೊಳ್ಳದೆಯೇ ನೀವು ಶೇ 10.5 ಕಳೆದುಕೊಂಡಿದ್ದೀರಿ.

ಪ್ರೀಮಿಯಂ ಕೊಟ್ಟು ಕೊಳ್ಳುವವರ ಹುಚ್ಚಿಗೆ 2014ರ ಡಿಸೆಂಬರ್‌ನ ಪ್ರಸಂಗವನ್ನು ಅರ್ಥಶಾಸ್ತ್ರಜ್ಞರು ಇವತ್ತಿಗೂ ಉದಾಹರಿಸುತ್ತಾರೆ. ಕ್ಯೂಬಾ ಜತೆ ಸಂಬಂಧ ಸುಧಾರಿಸುವುದಾಗಿ ಒಬಾಮಾ ಘೋಷಿಸಿದರು. ‘ಸಿಯುಬಿಎ’ ಚಿಹ್ನೆಯ ಹರ್ಜ್‌ಫೆಲ್ಡ್ ಕೆರಿಬಿಯನ್ ಬೇಸಿನ್ ಫಂಡ್ ಅದಕ್ಕೂ ಮೊದಲು ಎನ್‌ಎವಿಗಿಂತ ಶೇ 10ಕ್ಕೂ ಹೆಚ್ಚು ಕಡಿಮೆಗೆ ಸಿಗುತ್ತಿತ್ತು. ಕೆಲವೇ ದಿನಗಳಲ್ಲಿ ಅದು ಶೇ 70ರಷ್ಟು ಪ್ರೀಮಿಯಂಗೆ ಏರಿತು. ಆ ಫಂಡ್‌ನಲ್ಲಿ ಕ್ಯೂಬಾದ ಒಂದು ಷೇರೂ ಇರಲಿಲ್ಲ, ಇರುವುದಕ್ಕೆ ಅಮೆರಿಕದ ಕಾನೂನೇ ಬಿಡುತ್ತಿರಲಿಲ್ಲ. ಹೆಸರು ನೋಡಿ ಕೊಂಡವರ ಪ್ರೀಮಿಯಂ ವರ್ಷ ಕಳೆಯುವಷ್ಟರಲ್ಲಿ ಕರಗಿತು.

ಹೆಜ್ಜೆ 2: ಕೊಡುತ್ತಿರುವುದು ಬಡ್ಡಿಯೋ, ನಿಮ್ಮದೇ ಅಸಲೋ

17 ಡಾಲರಿನ ನಮ್ಮ ಫಂಡ್ ವರ್ಷಕ್ಕೆ 1.60 ಡಾಲರ್ ಹಂಚುತ್ತದೆ ಎಂದುಕೊಳ್ಳಿ. ಬೆಲೆಯ ಮೇಲೆ ಶೇ 9.4. ಆದರೆ ಫಂಡ್ ದುಡಿಯಬೇಕಿರುವುದು 20 ಡಾಲರಿನ ಮೇಲೆ ಶೇ 8. ಡಿಸ್ಕೌಂಟ್‌ನ ನಿಜವಾದ ಉಪಕಾರ ಇಲ್ಲಿದೆ: ಅದು ಎಂದೂ ಮುಚ್ಚದಿದ್ದರೂ 17 ಡಾಲರ್ ಹಾಕಿ 20 ಡಾಲರಿನ ದುಡಿಮೆ ಪಡೆಯುತ್ತೀರಿ. ಪ್ರೀಮಿಯಂನಲ್ಲಿ ಇದೇ ಲೆಕ್ಕ ತಿರುಗುಮುರುಗು.

ಹಂಚುತ್ತಿರುವ ಹಣ ಎಲ್ಲಿಂದ ಬಂತು ಎಂದು ತಿಳಿಯಲು ವಾರ್ಷಿಕ ವರದಿ ತೆರೆದು ‘ಫೈನಾನ್ಷಿಯಲ್ ಹೈಲೈಟ್ಸ್’ ಎಂಬ ಪುಟಕ್ಕೆ ಹೋಗಿ. ಐದು ವರ್ಷದ ಅಂಕಿಗಳು ಪಕ್ಕಪಕ್ಕದಲ್ಲಿರುತ್ತವೆ. ಇಡೀ ವರದಿಯಲ್ಲಿ ಓದಲೇಬೇಕಾದ ಪುಟ ಅದೊಂದೇ. ಒಂದು ಅಂಕಣ ಸುಮಾರು ಹೀಗಿರುತ್ತದೆ (ಇದು ಲೆಕ್ಕಕ್ಕಾಗಿ ಮಾಡಿಕೊಂಡ ಉದಾಹರಣೆ):

ವರ್ಷದ ಆರಂಭದ ಎನ್‌ಎವಿ: 12.00
ನಿವ್ವಳ ಹೂಡಿಕೆ ಆದಾಯ: +0.70
ಲಾಭ-ನಷ್ಟ, ಮಾರಿದ್ದು ಮಾರದಿದ್ದದ್ದು ಎರಡೂ ಸೇರಿ: −0.40
ಹಂಚಿಕೆ: −1.20
ವರ್ಷದ ಕೊನೆಯ ಎನ್‌ಎವಿ: 11.10

ಜಾಹೀರಾತಿನಲ್ಲಿ ಇದು ಎನ್‌ಎವಿಯ ಮೇಲೆ ಶೇ 10 ಕೊಡುವ ಫಂಡ್. ನಿಜವಾಗಿ ದುಡಿದದ್ದು 30 ಸೆಂಟ್, ಅಂದರೆ ಶೇ 2.5. ಬಾಕಿ 90 ಸೆಂಟ್ ನಿಮ್ಮ ಜೇಬಿನದೇ, ಶುಲ್ಕ ಕಳೆದು ವಾಪಸ್ ಬಂದಿದೆ. ಒಂದು ವರ್ಷ ಹೀಗಾದರೆ ಚಿಂತೆಯಿಲ್ಲ, ಪೇಟೆ ಬಿದ್ದ ವರ್ಷದಲ್ಲಿ ಎಲ್ಲರಿಗೂ ಆಗುತ್ತದೆ. ಐದು ಅಂಕಣಗಳಲ್ಲೂ ಕೊನೆಯ ಸಾಲು ಇಳಿಯುತ್ತಲೇ ಹೋಗಿದ್ದರೆ ಅದು ಬಿತ್ತನೆ ಕಾಳು ಬೇಯಿಸಿ ಉಣ್ಣುವ ಫಂಡ್. ಮುಂದಿನ ಸುದ್ದಿ ಹಂಚಿಕೆ ಕಡಿತದ್ದೇ, ಕಡಿತದ ದಿನ ಡಿಸ್ಕೌಂಟ್ ಕೂಡ ಹಿಗ್ಗುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಹಂಚಿಕೆಯಲ್ಲಿ ಅಸಲಿನ ಪಾಲಿದೆ ಎಂದು ಅಂದಾಜಾದಾಗ ಫಂಡ್ 19ಎ ನೋಟಿಸ್ ಕಳಿಸಬೇಕು. ಅದರಲ್ಲಿ ‘ರಿಟರ್ನ್ ಆಫ್ ಕ್ಯಾಪಿಟಲ್’ ಅಂದಿದ್ದೆಲ್ಲ ಕೆಟ್ಟದ್ದಲ್ಲ. ಕವರ್ಡ್ ಕಾಲ್ ಬರೆಯುವ (ತಮ್ಮ ಷೇರುಗಳನ್ನು ಗೊತ್ತಾದ ಬೆಲೆಗೆ ಕೊಳ್ಳುವ ಹಕ್ಕನ್ನು ಮಾರಿ ಹಣ ಪಡೆಯುವ) ಫಂಡ್‌ಗಳಲ್ಲೂ ಪೈಪ್‌ಲೈನ್ ಕಂಪನಿಗಳ ಪಾಲು ಇಟ್ಟುಕೊಳ್ಳುವ ಎಂಎಲ್‌ಪಿ ಫಂಡ್‌ಗಳಲ್ಲೂ ಅದು ಬರೀ ತೆರಿಗೆ ಲೆಕ್ಕದ ಹೆಸರಾಗಿರಬಹುದು. ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವುದು ಎನ್‌ಎವಿ, ನೋಟಿಸ್ ಅಲ್ಲ.

ಶೇ 20ರ ಹತ್ತಿರ ಹಂಚುವ, ಆಗಾಗ ಹೊಸ ಷೇರು ಮಾರಿ ಹಣ ತುಂಬಿಕೊಳ್ಳುವ, ಆದರೂ ಪ್ರೀಮಿಯಂನಲ್ಲಿ ಓಡುವ ಫಂಡ್‌ಗಳೂ ಇವೆ. ಅವುಗಳ ಅಭಿಮಾನಿಗಳ ಜತೆ ವಾದಕ್ಕಿಳಿಯುವುದು ಬೇಡ, ಕೊಳ್ಳುವುದೂ ಬೇಡ.

ಹೆಜ್ಜೆ 3: ಸಾಲ

ಈ ಫಂಡ್‌ಗಳಲ್ಲಿ ಬಹುಪಾಲು ಸಾಲ ಮಾಡಿ ಹೂಡುತ್ತವೆ. ಅಲ್ಪಾವಧಿ ಬಡ್ಡಿಗೆ ತಂದು ದೀರ್ಘಾವಧಿ ಬಾಂಡ್ ಕೊಂಡು, ನಡುವಿನ ವ್ಯತ್ಯಾಸವನ್ನು ಹಂಚುವುದು ಅವುಗಳ ಕಸುಬು. 1940ರ ಇನ್ವೆಸ್ಟ್‌ಮೆಂಟ್ ಕಂಪನಿ ಕಾಯ್ದೆಯ ಪ್ರಕಾರ ಸಾಲದ ಮೂರು ಪಟ್ಟು ಆಸ್ತಿ ಇರಬೇಕು, ಪ್ರಿಫರ್ಡ್ (ಆದ್ಯತಾ) ಷೇರಿನ ಮೂಲಕ ಹಣ ಎತ್ತಿದ್ದರೆ ಎರಡು ಪಟ್ಟು.

ಲೆಕ್ಕ ಮಾಡಿ ನೋಡಿ. ಹೂಡಿಕೆದಾರರ ಹಣ 100, ಸಾಲ 50, ಒಟ್ಟು ಆಸ್ತಿ 150. ಮಿತಿಯಂಚಿನಲ್ಲೇ ಇದೆ. ಪೇಟೆ ಶೇ 20 ಬಿತ್ತು. ಆಸ್ತಿ 120 ಆಯಿತು, ಸಾಲ 50 ಹಾಗೇ ಇದೆ, ನಿಮ್ಮ ಪಾಲು 70. ಪೇಟೆಗೆ ಶೇ 20 ನಷ್ಟವಾದರೆ ನಿಮಗೆ ಶೇ 30. ಈಗ ಆಸ್ತಿ ಸಾಲದ 2.4 ಪಟ್ಟು ಮಾತ್ರ, ಈ ಸ್ಥಿತಿಯಲ್ಲಿ ಹಂಚಿಕೆ ಘೋಷಿಸುವಂತಿಲ್ಲ. ಮಿತಿಗೆ ಮರಳಲು 15ರಷ್ಟು ಆಸ್ತಿ ಮಾರಿ ಸಾಲ ತೀರಿಸಬೇಕು, ಅದೂ ಎಲ್ಲರೂ ಮಾರುತ್ತಿರುವ ವಾರದಲ್ಲೇ. 2020ರ ಮಾರ್ಚ್‌ನಲ್ಲಿ ಎಂಎಲ್‌ಪಿ ಫಂಡ್‌ಗಳಿಗೆ ಆದದ್ದು ಇದೇ. ತಳದ ಬೆಲೆಗೆ ಮಾರಿ ಸಾಲ ತೀರಿಸಿದವು, ಪೇಟೆ ಮತ್ತೆ ಎದ್ದಾಗ ಏರಲು ಅವುಗಳ ಬಳಿ ಮೊದಲಿನಷ್ಟು ಆಸ್ತಿ ಉಳಿದಿರಲಿಲ್ಲ.

ಆದ್ದರಿಂದ ಸಾಲ ಶೇ 33ರ ಅಂಚಿನಲ್ಲಿದೆಯೋ ಶೇ 20–25ರಲ್ಲಿದೆಯೋ ನೋಡಿ. ‘ಎಫೆಕ್ಟಿವ್ ಲೆವರೇಜ್’ ಎಂಬ ಅಂಕಿಯನ್ನೇ ಹಿಡಿಯಿರಿ. ರಿವರ್ಸ್ ರೆಪೊ, ಟೆಂಡರ್ ಆಪ್ಷನ್ ಬಾಂಡ್ ಮುಂತಾದ ಹಿತ್ತಿಲ ಬಾಗಿಲ ಸಾಲಗಳು ಅದರಲ್ಲಿ ಸೇರಿರುತ್ತವೆ.

ಇನ್ನೊಂದು ಕಿರಿಕಿರಿ ಶುಲ್ಕದ್ದು. ಹಲವು ಫಂಡ್‌ಗಳಲ್ಲಿ ನಿರ್ವಹಣಾ ಶುಲ್ಕ ಬೀಳುವುದು ಸಾಲವೂ ಸೇರಿದ ಒಟ್ಟು ಆಸ್ತಿಯ ಮೇಲೆ. ಸಾಲ ಹೆಚ್ಚಿದಷ್ಟೂ ಮ್ಯಾನೇಜರ್ ಸಂಬಳ ಹೆಚ್ಚು. ಸಾಲ ಇಳಿಸಬೇಕಾದ ಹೊತ್ತಿನಲ್ಲಿ ಕೈ ಯಾಕೆ ಹಿಂಜರಿಯುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಖರ್ಚಿನ ಪ್ರಮಾಣ ಶೇ 4, 5 ಎಂದು ಕಂಡರೆ ಗಾಬರಿಯಾಗದೆ ಬಡ್ಡಿ ಖರ್ಚು ಬಿಟ್ಟು ಎಷ್ಟು ಎಂಬ ಸಾಲನ್ನು ಹುಡುಕಿ.

ಹೆಜ್ಜೆ 4: ನಿಮಗೆ ಹೊಂದುವುದು ಯಾವುದು

ಇದು ನೀವೆಲ್ಲಿ ತೆರಿಗೆ ಕಟ್ಟುತ್ತೀರಿ ಎಂಬುದರ ಮೇಲಿದೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ವಿಶೇಷ ಕಾರಣವಿದೆ. ಅಲ್ಲಿ ತೆರಿಗೆ ನಿವಾಸಿಯಾದ ಮೇಲೆ ಊರಿನಲ್ಲಿ ಹಾಕಿಟ್ಟ ಮ್ಯೂಚುವಲ್ ಫಂಡ್‌ಗಳು ‘ಪಿಎಫ್‌ಐಸಿ’ (ಅಮೆರಿಕದ ತೆರಿಗೆ ಕಾನೂನು ಬಿಗಿಯಾಗಿ ನೋಡುವ ವಿದೇಶಿ ಹೂಡಿಕೆ ಕಂಪನಿ) ಗುಂಪಿಗೆ ಬೀಳುತ್ತವೆ. ಪ್ರತಿ ಫಂಡಿಗೂ ಬೇರೆ ಬೇರೆ 8621 ಫಾರಂ ಬೇಕು. ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ ಹಿಂದಿನ ವರ್ಷಗಳಿಗೆ ಹಂಚಿಕೆಯಾಗುವ ಲಾಭಕ್ಕೆ ಆಯಾ ವರ್ಷದ ಗರಿಷ್ಠ ದರದ ತೆರಿಗೆ, ಅದರ ಮೇಲೆ ಬಡ್ಡಿ. ಆದರೆ 1994ರಿಂದ ನ್ಯೂಯಾರ್ಕ್ ಷೇರು ಪೇಟೆಯಲ್ಲಿರುವ ದಿ ಇಂಡಿಯಾ ಫಂಡ್, ಮಾರ್ಗನ್ ಸ್ಟಾನ್ಲಿ ಇಂಡಿಯಾ ಇನ್ವೆಸ್ಟ್‌ಮೆಂಟ್ ಫಂಡ್ ಇವೆರಡೂ ಅಮೆರಿಕದಲ್ಲೇ ನೋಂದಣಿಯಾದವು, ಪಿಎಫ್‌ಐಸಿ ತಂಟೆ ಇಲ್ಲ. ಭಾರತದ ಷೇರುಗಳಲ್ಲಿ ಹಣ ಇರಬೇಕು, ಫಾರಂಗಳ ರಾಶಿ ಬೇಡ ಎನ್ನುವವರಿಗೆ ಇದು ನೆಟ್ಟಗಿನ ದಾರಿ. ಆದರೆ ಇಂಡಿಯಾ ಫಂಡ್‌ನ ನೀತಿಯೇ ವರ್ಷಕ್ಕೆ ಎನ್‌ಎವಿಯ ಶೇ 10 ಹಂಚುವುದು. ಪೇಟೆ ಅಷ್ಟು ಏರದ ವರ್ಷದಲ್ಲಿ ಎನ್‌ಎವಿ ಇಳಿಯಲೇಬೇಕು. ಭಾರತ ಸರ್ಕಾರಕ್ಕೆ ಮುಂದೆ ಕಟ್ಟಬೇಕಾದ ಬಂಡವಾಳ ಲಾಭ ತೆರಿಗೆಯನ್ನೂ ಇಂಥ ಫಂಡ್‌ಗಳು ಎನ್‌ಎವಿಯಿಂದ ಮೊದಲೇ ತೆಗೆದಿಡುತ್ತವೆ. ನಿಫ್ಟಿಗಿಂತ ಹಿಂದೆ ಬೀಳುವುದಕ್ಕೆ ಅದೂ ಒಂದು ಕಾರಣ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇಬ್ಬರೂ ದುಡಿಯುವ ಮನೆಯಾದರೆ ಮುನಿಸಿಪಲ್ ಬಾಂಡ್ (ರಾಜ್ಯ, ನಗರಗಳ ಸಾಲಪತ್ರ; ಚಿಕ್ಕದಾಗಿ ಮುನಿ) ಫಂಡ್ ನೋಡಬಹುದು. ಬಡ್ಡಿಗೆ ಫೆಡರಲ್ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ ಬಾಂಡ್‌ಗಳಷ್ಟೇ ಇರುವ ಫಂಡಾದರೆ ರಾಜ್ಯದ ತೆರಿಗೆಯೂ ಇಲ್ಲ. ಇದನ್ನು ಮಾಮೂಲಿ ಖಾತೆಯಲ್ಲಿಡಿ. ತೆರಿಗೆ ಬೀಳುವ ಬಡ್ಡಿ ಕೊಡುವ ಹೈ-ಯೀಲ್ಡ್ (ಕಡಿಮೆ ರೇಟಿಂಗ್‌ನ ಬಾಂಡ್), ಸೀನಿಯರ್ ಲೋನ್ (ಕಂಪನಿಗಳಿಗೆ ಕೊಟ್ಟ ಸಾಲ) ಫಂಡ್‌ಗಳನ್ನು ತೆರಿಗೆ ಅನುಕೂಲವಿರುವ ನಿವೃತ್ತಿ ಖಾತೆಯಾದ ಐಆರ್‌ಎಗೆ ಹಾಕಿ. ಮಾಮೂಲಿ ಖಾತೆಯಲ್ಲಿ ವರ್ಷ ಮುಗಿದ ಮೇಲೆ 1099-ಡಿಐವಿ ಎಂಬ ಡಿವಿಡೆಂಡ್ ಲೆಕ್ಕದ ಫಾರಂ ಬಂದಾಗ ಬಾಕ್ಸ್ 3 ನೋಡಿ. ಅಲ್ಲಿರುವುದು ಅಸಲು ವಾಪಸಾತಿ: ಈ ವರ್ಷ ತೆರಿಗೆ ಇಲ್ಲ, ಆದರೆ ನಿಮ್ಮ ಕೊಂಡ ಬೆಲೆಯಿಂದ ಅಷ್ಟು ಕಳೆಯಬೇಕು.

ಭಾರತದಲ್ಲೇ ಇದ್ದು ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಯೋಜನೆ) ಮೂಲಕ ಕೊಳ್ಳುವವರಿಗೆ ಚಿತ್ರ ಅಷ್ಟು ಚೆಂದವಿಲ್ಲ. ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಹೂಡಿಕೆಗೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ, 2025ರ ಏಪ್ರಿಲ್‌ನಿಂದ ಇರುವ ನಿಯಮದಂತೆ, ದಾಟಿದ್ದಕ್ಕೆ ಶೇ 20 ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ). ಡಿವಿಡೆಂಡ್ ಮೇಲೆ ಅಮೆರಿಕ ಶೇ 25 ಮುರಿದುಕೊಳ್ಳುತ್ತದೆ. ಇಲ್ಲಿ ಅದೇ ಆದಾಯವನ್ನು ನಿಮ್ಮ ಸ್ಲ್ಯಾಬ್‌ಗೆ ಸೇರಿಸಿ, ಕಟ್ಟಿದ್ದಕ್ಕೆ ಕ್ರೆಡಿಟ್ ಕೇಳಬೇಕು. ರಿಟರ್ನ್‌ನ ಷೆಡ್ಯೂಲ್ ಎಫ್‌ಎ ಎಂಬ ವಿದೇಶಿ ಆಸ್ತಿ ಪಟ್ಟಿಯಲ್ಲಿ ಷೇರುಗಳನ್ನು ತೋರಿಸಲು ಮರೆತರೆ ಕಪ್ಪುಹಣ ಕಾಯ್ದೆಯ ದಂಡ ಬೀಳಬಹುದು. ಅಮೆರಿಕದ ಷೇರುಗಳು 60,000 ಡಾಲರ್ ದಾಟಿದ್ದು ಮಾಲೀಕರು ತೀರಿಕೊಂಡರೆ ಅಲ್ಲಿನ ಎಸ್ಟೇಟ್ ತೆರಿಗೆಯೂ ಎದುರಾಗುತ್ತದೆ. ಡಿವಿಡೆಂಡೇ ಮುಖ್ಯವಾದ ಆಸ್ತಿಗೆ ಇಷ್ಟೆಲ್ಲ ಕತ್ತರಿ ಬಿದ್ದ ಮೇಲೆ ಉಳಿಯುವುದು ಕಡಿಮೆ. ಮುನಿ ಫಂಡ್ ಅಂತೂ ಭಾರತದ ನಿವಾಸಿಗೆ ಬೇಡವೇ ಬೇಡ: ತೆರಿಗೆ ವಿನಾಯಿತಿ ಅಮೆರಿಕದ್ದು, ಕಡಿಮೆ ಬಡ್ಡಿ ಮಾತ್ರ ನಿಮ್ಮದು.

ಹೆಜ್ಜೆ 5: ಕೊಳ್ಳುವುದು

ಐಪಿಒದಲ್ಲಿ ಕೊಳ್ಳಬೇಡಿ. ಹಿಂದೆ 20 ಡಾಲರ್ ಕೊಟ್ಟರೆ ಖರ್ಚು ಕಳೆದು 19 ಡಾಲರಿನ ಆಸುಪಾಸಿನ ಆಸ್ತಿ ಕೈಗೆ ಬರುತ್ತಿತ್ತು. ಈಚಿನ ವರ್ಷಗಳಲ್ಲಿ ಆ ಖರ್ಚನ್ನು ಫಂಡ್ ಸಂಸ್ಥೆಯೇ ಭರಿಸುತ್ತಿದೆ, ಒಪ್ಪೋಣ. ಆದರೂ 2021ರಲ್ಲಿ ಬಂದ ಫಂಡ್‌ಗಳಲ್ಲಿ ಹಲವು ಆಮೇಲೆ ದೊಡ್ಡ ಡಿಸ್ಕೌಂಟ್‌ಗೇ ಇಳಿದವು. ಕಾದವರಿಗೆ ಅದೇ ಮಾಲು ಅಗ್ಗಕ್ಕೆ ಸಿಕ್ಕಿತು.

ಯಾವಾಗಲೂ ಲಿಮಿಟ್ ಆರ್ಡರ್ ಹಾಕಿ, ಅಂದರೆ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದು ಬೆಲೆ ಹೇಳಿ. ದಿನಕ್ಕೆ ಕೆಲವೇ ಸಾವಿರ ಷೇರು ಕೈ ಬದಲಾಗುವ ಫಂಡ್‌ಗಳಿವೆ. ಅಲ್ಲಿ ಸಿಕ್ಕ ಬೆಲೆಗೆ ಕೊಳ್ಳುವ 1,000 ಷೇರಿನ ಮಾರ್ಕೆಟ್ ಆರ್ಡರ್ ಹಾಕಿದರೆ ನಿಮ್ಮ ಆರ್ಡರೇ ಬೆಲೆ ಏರಿಸುತ್ತದೆ. ಪೇಟೆ ತೆರೆದ ಮೊದಲ ಅರ್ಧ ಗಂಟೆ ಬಿಡಿ. ಒಂದೇ ಸಲ ಕೊಳ್ಳದೆ ಮೂರು ನಾಲ್ಕು ಕಂತು ಮಾಡಿ. ನವೆಂಬರ್, ಡಿಸೆಂಬರ್‌ನಲ್ಲಿ ನಷ್ಟ ತೋರಿಸಲು ಮಾರುವವರ ಸಂತೆ ನೆರೆಯುತ್ತದೆ, ಡಿಸ್ಕೌಂಟ್‌ಗಳು ಸಾಮಾನ್ಯವಾಗಿ ಆಗ ಹಿಗ್ಗುತ್ತವೆ. ಬೇಟೆಗೆ ಅದೇ ಋತು.

ಡಿವಿಡೆಂಡ್ ಮರುಹೂಡಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಪ್ರೀಮಿಯಂನಲ್ಲಿರುವ ಹಲವು ಫಂಡ್‌ಗಳು ತಮ್ಮದೇ ಯೋಜನೆಯಡಿ ಎನ್‌ಎವಿ ಅಥವಾ ಪೇಟೆ ಬೆಲೆಯ ಶೇ 95, ಇವೆರಡರಲ್ಲಿ ಹೆಚ್ಚಿನದಕ್ಕೆ ಹೊಸ ಷೇರು ಕೊಡುತ್ತವೆ. ಬ್ರೋಕರ್‌ನ ಮಾಮೂಲಿ ಮರುಹೂಡಿಕೆ ಒತ್ತಿದರೆ ಪೂರ್ತಿ ಪೇಟೆ ಬೆಲೆ ಕೊಡಬೇಕಾಗುತ್ತದೆ. ಯಾವುದು ಎಂದು ಬ್ರೋಕರನ್ನು ಕೇಳಿಕೊಳ್ಳಿ.

ರೈಟ್ಸ್ ಆಫರ್ (ಇರುವ ಷೇರುದಾರರಿಗೆ ಹೊಸ ಷೇರು ಕೊಳ್ಳುವ ಹಕ್ಕು) ಬಂದರೆ ಕಾಗದ ಎಸೆಯಬೇಡಿ. ಎನ್‌ಎವಿ 10 ಇರುವಾಗ ಮೂರು ಷೇರಿಗೆ ಒಂದು ಹೊಸ ಷೇರು 8 ಡಾಲರಿಗೆ ಕೊಟ್ಟರೆ, ನಾಲ್ಕು ಷೇರಿಗೆ 38 ಡಾಲರ್, ಅಂದರೆ ಹೊಸ ಎನ್‌ಎವಿ 9.50. ಸುಮ್ಮನೆ ಕೂತವರು ಶೇ 5 ಕಳೆದುಕೊಳ್ಳುತ್ತಾರೆ. ಹಕ್ಕು ಮಾರಬಹುದಾದರೆ ಮಾರಿ, ಇಲ್ಲವಾದರೆ ಹಣ ಹಾಕಿ, ಎರಡೂ ಬೇಡವೆಂದರೆ ಘೋಷಣೆಯಾದ ಕೂಡಲೇ ಷೇರು ಮಾರಿ ಹೊರಬನ್ನಿ.

ಭಾರತದ ಕ್ಲೋಸ್ಡ್-ಎಂಡ್ ಬೇರೆಯೇ ಕಥೆ

ಇಲ್ಲೂ ಈ ಹೆಸರಿನ ಫಂಡ್‌ಗಳಿವೆ. 1986ರ ಯುಟಿಐ ಮಾಸ್ಟರ್‌ಷೇರ್ ಹುಟ್ಟಿದ್ದೇ ಹೀಗೆ. 1994ರ ಜನವರಿಯ ಮಾರ್ಗನ್ ಸ್ಟಾನ್ಲಿ ಗ್ರೋತ್ ಫಂಡ್‌ನ ಅರ್ಜಿ ಫಾರಂಗಳು ಕಾಳಸಂತೆಯಲ್ಲಿ ಮಾರಾಟವಾದವು. 10 ರೂಪಾಯಿಯ ಯೂನಿಟ್ ಆಮೇಲೆ ವರ್ಷಗಟ್ಟಲೆ ಮುಖಬೆಲೆಗೂ ಕೆಳಗೆ ಓಡಿತು. ಈಗಿನ ಎಫ್‌ಎಂಪಿ (ನಿಗದಿತ ಅವಧಿಯ ಸಾಲಪತ್ರ ಫಂಡ್) ಮುಂತಾದವು ಅವಧಿ ಮುಗಿದಾಗ ಎನ್‌ಎವಿಗೆ ಹಣ ಕೊಡುತ್ತವೆ, ನಡುವೆ ಬೇಕೆಂದರೆ ಷೇರು ಪೇಟೆಯಲ್ಲಿ ಮಾರಬಹುದು ಎಂಬುದು ನಿಯಮ. ಪೇಟೆಯಲ್ಲಿ ಹೆಸರಿರುತ್ತದೆ, ಕೊಳ್ಳುವವರಿರುವುದಿಲ್ಲ. ಹಾಗಾಗಿ ಇಲ್ಲಿ ಡಿಸ್ಕೌಂಟ್ ಲೆಕ್ಕ ಬಿಡಿ. ಹಣ ಅಷ್ಟೂ ವರ್ಷ ಬೀಗದಲ್ಲಿ ಎಂದುಕೊಂಡು, ಒಳಗಿರುವ ಬಾಂಡ್‌ಗಳ ರೇಟಿಂಗ್ ಮಾತ್ರ ನೋಡಿ. 2019ರ ಏಪ್ರಿಲ್‌ನಲ್ಲಿ ಎಸ್ಸೆಲ್ ಗುಂಪಿನ ಸಾಲಪತ್ರಗಳಿದ್ದ ಕೆಲವು ಎಫ್‌ಎಂಪಿಗಳು ಮುಗಿಯುವ ದಿನ ಪೂರ್ತಿ ಹಣ ಕೊಡಲಾಗದೆ ನಿಂತಿದ್ದವು. 2023ರ ಏಪ್ರಿಲ್ ನಂತರ ಕೊಂಡ ಸಾಲಪತ್ರ ಫಂಡ್‌ಗಳ ಲಾಭಕ್ಕೆ ಸ್ಲ್ಯಾಬ್ ದರವೇ ಆದ್ದರಿಂದ ಎಫ್‌ಎಂಪಿಗೆ ಎಫ್‌ಡಿಗಿಂತ ಇದ್ದ ತೆರಿಗೆ ಅನುಕೂಲವೂ ಹೋಗಿದೆ.

ಮುಂದೇನು

ಅಲ್ಪಾವಧಿ ಬಡ್ಡಿ ಇವುಗಳಿಗೆ ಕಚ್ಚಾ ಮಾಲಿದ್ದಂತೆ. 2022ರ ಆರಂಭದಲ್ಲಿ ಸೊನ್ನೆಯ ಹತ್ತಿರವಿದ್ದ ಅಮೆರಿಕದ ಬಡ್ಡಿ 2023ರ ಜುಲೈಗೆ ಶೇ 5.25–5.50 ಮುಟ್ಟಿತು. ಶೇ 4ರ ಮುನಿ ಬಾಂಡ್ ಹಿಡಿದುಕೊಂಡು ಅದಕ್ಕಿಂತ ದುಬಾರಿ ಸಾಲಕ್ಕೆ ಬಡ್ಡಿ ಕಟ್ಟುವ ಸ್ಥಿತಿ ಬಂದು, ಒಂದರ ಹಿಂದೆ ಒಂದು ಹಂಚಿಕೆ ಕಡಿತವಾಯಿತು. 2024ರ ಸೆಪ್ಟೆಂಬರ್‌ನಿಂದ ಬಡ್ಡಿ ಇಳಿಯತೊಡಗಿ 2025ರ ಕೊನೆಗೆ ಶೇ 3.50–3.75ಕ್ಕೆ ಬಂದಿದೆ. ಮುನಿ, ಪ್ರಿಫರ್ಡ್ ಫಂಡ್‌ಗಳಿಗೆ ಇದು ಉಸಿರು. ಸೀನಿಯರ್ ಲೋನ್ ಫಂಡ್‌ಗಳಿಗೆ ಹಾಗಲ್ಲ, ಅವುಗಳ ಆದಾಯವೇ ತೇಲುವ ಬಡ್ಡಿಯದು, ಸಾಲದ ಜತೆ ಅದೂ ಇಳಿಯುತ್ತದೆ. ಬಡ್ಡಿ ಇಳಿಯಿತು, ಎಲ್ಲ ಫಂಡೂ ಏರುತ್ತವೆ ಎಂದು ಹೇಳುವವರ ಮಾತನ್ನು ಅರ್ಧ ಮಾತ್ರ ಕೇಳಿ.

ಇನ್ನೊಂದು ಕಡೆ ಈ ಜಾತಿಯೇ ಕುಗ್ಗುತ್ತಿದೆ. 2007ರ ಸುಮಾರಿಗೆ 600ಕ್ಕೂ ಹೆಚ್ಚಿದ್ದ ಪಟ್ಟೀಕೃತ ಫಂಡ್‌ಗಳು ಈಗ 400ರ ಆಸುಪಾಸಿನಲ್ಲಿವೆ. ಕವರ್ಡ್ ಕಾಲ್ ಇಟಿಎಫ್‌ಗಳೂ ನಿಗದಿತ ಸಮಯಕ್ಕೊಮ್ಮೆ ಮಾತ್ರ ಹಣ ವಾಪಸ್ ಕೊಡುವ ಇಂಟರ್‌ವಲ್ ಫಂಡ್‌ಗಳೂ ಹೊಸ ಹಣವನ್ನು ಎಳೆದುಕೊಳ್ಳುತ್ತಿವೆ. ಉಳಿದವುಗಳ ಡಿಸ್ಕೌಂಟ್ ಮೇಲೆ ಕಣ್ಣಿಟ್ಟಿರುವವರು ಬೋಜ್ ವೈನ್‌ಸ್ಟೀನ್ ಅವರ ಸಾಬಾ ಕ್ಯಾಪಿಟಲ್‌ನಂಥ ಸಂಸ್ಥೆಗಳು. ದೊಡ್ಡ ಪಾಲು ಕೊಂಡು, ಷೇರುಗಳನ್ನು ಎನ್‌ಎವಿ ಹತ್ತಿರದ ಬೆಲೆಗೆ ವಾಪಸ್ ಕೊಳ್ಳಿ, ಇಲ್ಲವೇ ಫಂಡ್ ಬಾಗಿಲು ತೆರೆಯಿರಿ ಎಂದು ಮತಕ್ಕೆ ಹಾಕುತ್ತವೆ. 2025ರ ಆರಂಭದಲ್ಲಿ ಬ್ರಿಟನ್‌ನ ಏಳು ಟ್ರಸ್ಟ್‌ಗಳ ಮೇಲೆ ಸಾಬಾ ನಡೆಸಿದ ಮತದಾನದಲ್ಲಿ ಏಳಕ್ಕೆ ಏಳೂ ಸೋತಿತು. ಆದರೂ ಅದರ ಹೆಸರು ಕೇಳಿದರೆ ಸಾಕು, ಡಿಸ್ಕೌಂಟ್ ಸ್ವಲ್ಪ ಮುಚ್ಚುತ್ತದೆ. ನಿಮ್ಮ ಫಂಡ್‌ನಲ್ಲಿ ಯಾರ ದೊಡ್ಡ ಪಾಲಿದೆ ಎಂಬುದು ಅಮೆರಿಕದ ಷೇರು ಪೇಟೆ ನಿಯಂತ್ರಕರಿಗೆ ಸಲ್ಲಿಸುವ 13ಡಿ, 13ಜಿ ದಾಖಲೆಗಳಲ್ಲಿ ಸಿಗುತ್ತದೆ. ಫಂಡ್ ತನ್ನ ಷೇರು ವಾಪಸ್ ಕೊಳ್ಳುವ ಟೆಂಡರ್ ಆಫರ್ ಬಂದರೆ ಕೊನೆಯ ದಿನ ಬರೆದಿಟ್ಟುಕೊಳ್ಳಿ. ಬ್ರೋಕರ್‌ಗಳ ಗಡುವು ಫಂಡಿನ ಗಡುವಿಗಿಂತ ಒಂದೆರಡು ದಿನ ಮೊದಲೇ ಮುಗಿಯುವುದುಂಟು.

ಮಾರುವ ಬೆಲೆಯನ್ನು ಕೊಂಡ ದಿನವೇ ಡಿಸ್ಕೌಂಟ್ ಲೆಕ್ಕದಲ್ಲಿ ಬರೆದಿಡಿ. ಶೇ 16ರಲ್ಲಿ ಕೊಂಡದ್ದು ಶೇ 6ಕ್ಕೆ ಬಂದರೆ ಮಾರಿ, ಅದೇ ಬಗೆಯ ಇನ್ನೊಂದು ಫಂಡ್ ಶೇ 14ರಲ್ಲಿ ಸಿಕ್ಕರೆ ಅಲ್ಲಿಗೆ ಹೋಗಿ. ಬಾಂಡ್‌ಗಳು ಹೆಚ್ಚುಕಡಿಮೆ ಅವೇ ಇರುತ್ತವೆ, ನಡುವಿನ ಎಂಟು ಅಂಶ ನಿಮ್ಮದಾಗುತ್ತದೆ.